ರಿಸೀವರ್ ಸಾಕಿದ ಹುಳಿಹಿಟ್ಟು

ಕೋರ್ಟಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಮೂಲೆಯಲ್ಲಿದ್ದ ಜಾಡಿ ತನ್ನ ಮುಚ್ಚಳವನ್ನು ತಾನೇ ತೆಗೆದುಕೊಂಡಿತು.

“ರೀ, ನಿಮ್ಮ ಕಕ್ಷಿದಾರ ಎದ್ದ,” ಎಂದು ಹೆಂಡತಿ ಕೂಗಿದಳು.

ಒಂದು ಕಾಲಿಗಷ್ಟೇ ಬೂಟು ಹಾಕಿಕೊಂಡಿದ್ದ ಕಿರಿಯ ವಕೀಲ ಇನ್ನೊಂದಕ್ಕೆ ಸಿಕ್ಕಿದ ಚಪ್ಪಲಿ ತುರುಕಿಕೊಂಡು ಓಡಿದ. ಜಾಡಿಯಲ್ಲಿದ್ದುದು ಹುಳಿಹಿಟ್ಟು. ಷಡ್ಡಕರಿಬ್ಬರು ಪಾಲಿನಲ್ಲಿ ನಡೆಸುತ್ತಿದ್ದ ಬೇಕರಿಗೆ ಅದೇ ಜೀವ. ದಿನಾ ಅದರಿಂದ ಒಂದು ಮುದ್ದೆ ತೆಗೆದು ಬ್ರೆಡ್ಡಿಗೆ ಕಲಸುವುದು, ಉಳಿದದ್ದಕ್ಕೆ ಹೊಸ ಹಿಟ್ಟು ಉಣ್ಣಿಸಿ ನಾಳೆಗೆ ಇಡುವುದು. ದುಂಡಗಿದ್ದ ಹಿರಿಯ ಷಡ್ಡಕನನ್ನು ಊರೆಲ್ಲ ಬನ್ನು ಎನ್ನುತ್ತಿತ್ತು, ಒಣಕಲು ಕಿರಿಯವನನ್ನು ರಸ್ಕು. ಒಲೆಗೆ ಮೊದಲು ಸೌದೆ ಇಡುವವರು ಯಾರೆಂಬ ಮಾತಿಗೆ ಮುರಿದುಕೊಂಡು, ನಮ್ಮ ಪಾಲುದಾರಿಕೆ ಮುಗಿಸಿಕೊಡಿ ಎಂದು ಇಬ್ಬರೂ ಕೋರ್ಟು ಹತ್ತಿದರು. ಅಂಗಡಿಯ ಆಸ್ತಿ ಕಾಪಾಡಿ ಹಂಚಿಕೊಡಲು ಕೋರ್ಟು ನಮ್ಮ ವಕೀಲನನ್ನು ರಿಸೀವರ್ ಮಾಡಿತು. ಕರಿಕೋಟು ಹೊಲಿಸಿದ ಮೇಲೆ ಅವನಿಗೆ ಸಿಕ್ಕ ಮೊದಲ ಕೆಲಸ ಅದು. ತಟ್ಟೆ, ತಕ್ಕಡಿ, ಗಾಜಿನ ಬೀರು ಹೇಗೋ ಹಂಚಿಹೋದವು. ಅಂಗಡಿಗೆ ಬೀಗ ಬಿದ್ದ ಮೇಲೆ ಈ ಹಿಟ್ಟು ಮಾತ್ರ ವಕೀಲನ ಮನೆಗೆ ಬಂದು, ಹೆರಿಗೆಗೆ ಬಂದ ಮಗಳಂತೆ ಉಪಚಾರ ಮಾಡಿಸಿಕೊಳ್ಳತೊಡಗಿತು.

ಇವತ್ತು ಅದನ್ನು ಜಡ್ಜರ ಮುಂದೆ ಎರಡು ಭಾಗ ಮಾಡಬೇಕು. ಸಾಲದ್ದಕ್ಕೆ, ಈ ರಿಸೀವರ್ ಎದುರು ಪಾರ್ಟಿಯ ಮನುಷ್ಯ, ಇವನನ್ನು ಕಿತ್ತುಹಾಕಿ ಎಂದು ಬನ್ನೂ ರಸ್ಕೂ ಬೇರೆಬೇರೆ ಅರ್ಜಿ ಹಾಕಿದ್ದರು. ಮೊದಲ ಕೆಲಸದಲ್ಲೇ ಕೀಳಿಸಿಕೊಂಡ ವಕೀಲನ ಹತ್ತಿರ ಆಮೇಲೆ ನೊಣವೂ ಸುಳಿಯುವುದಿಲ್ಲ.

“ಇಷ್ಟ್ಯಾಕೆ ಉಬ್ಬಿದೆ? ಬೆಳಿಗ್ಗೆ ಅಳತೆ ಮಾಡೇ ಉಣ್ಣಿಸಿದ್ನಲ್ಲ.”

“ನೀವೂ ಉಣ್ಣಿಸಿದ್ರಾ? ಮರೆತಿರ್ತೀರಿ ಅಂತ ನಾನೂ ಹಾಕ್ದೆ,” ಎಂದಳು ಹೆಂಡತಿ.

ಹಿತ್ತಲಿನಿಂದ ಅತ್ತೆಯ ದನಿ ಬಂತು: “ಕೋರ್ಟಿಗೆ ಹೋಗೋ ದಿನ ಹಸ್ಕೊಂಡು ಹೋಗಬಾರ್ದು ಅಂತ ನಾನೂ ಒಂದು ಬೊಗಸೆ ಹಾಕಿದೀನಿ ಅಳಿಯಂದ್ರೇ. ಸಕ್ಕರೇನೂ ಸೇರ್ಸಿದೀನಿ.”

ಪಕ್ಕದ ಮನೆಯ ಟೈಲರ್ ಕಿಟಕಿಯಲ್ಲಿ ತಲೆ ತೂರಿಸಿ, “ಬಿಗಿಯಾಗಿ ಬಟ್ಟೆ ಕಟ್ಟಬೇಕು ವಕೀಲ್ರೇ, ಉಸಿರಾಡದ ಹಾಗೆ,” ಎಂದವನು ಬಂದು ತಾನೇ ಕಟ್ಟಿಕೊಟ್ಟ.

ಬಸ್ಸಿನ ಸೆಕೆಗೆ ತೊಡೆಯ ಮೇಲಿನ ಜಾಡಿಯ ಬಟ್ಟೆ ಮೊದಲು ಬೋಳುತಲೆಯಂತಾಯಿತು, ಆಮೇಲೆ ಗಬ್ಬದ ಎಮ್ಮೆಯ ಹೊಟ್ಟೆಯಂತಾಯಿತು. ಪಕ್ಕದ ಮುದುಕ ಸರಿದು ಕೂತ. “ಒಳಗೆ ಏನಪ್ಪ, ಜೀವ ಇರೋದಾ?”

“ಕೋರ್ಟಲ್ಲಿರೋ ಆಸ್ತಿ, ತಾತ.”

“ಹಾಗಾದ್ರೆ ಬೆಳೀತಾನೇ ಇರುತ್ತೆ ಬಿಡು. ನನ್ನ ಜಮೀನಿನ ಕೇಸೂ ಹೀಗೇ.”

ಇಳಿಯುವಷ್ಟರಲ್ಲಿ ಟೈಲರನ ಗಂಟು ಬಿಚ್ಚಿತು. ಹಿಟ್ಟು ಉಕ್ಕಿ ಕರಿಕೋಟಿನ ಮೇಲೆಲ್ಲ ಹರಿಯಿತು. ಕೋರ್ಟಿನ ಗೇಟಿನ ಹತ್ತಿರ ಅವನು ಎರಡು ಕೈಯಲ್ಲಿ ಬಳಿದು ಚರಂಡಿಗೆ ಕೊಡವುತ್ತಿದ್ದಾಗ ಟೀ ಅಂಗಡಿಯಲ್ಲಿದ್ದ ಬನ್ನು ಅದನ್ನು ಕಂಡ.

“ನೋಡ್ರಪ್ಪಾ, ಪಾಲಿನ ಆಸ್ತೀನ ಚರಂಡಿಗೆ ಹಾಕ್ತಿದಾನೆ.”

ರಸ್ಕು ಎಲ್ಲಿದ್ದನೋ, ಪ್ರತ್ಯಕ್ಷನಾದ. “ಚರಂಡಿಗೆ ಹೋದದ್ದು ನಿನ್ನ ಪಾಲು. ಜಾಡೀಲಿರೋದು ನಂದು.”

“ಹಾಗಾದ್ರೆ ಕೋಟಿನ ಮೇಲಿರೋದು?”

ಇಬ್ಬರೂ ಕೋಟನ್ನೇ ನೋಡಿದರು. ವಕೀಲ ಒಳಗೆ ಓಡಿದ.

ಜಡ್ಜರ ಮುಂದೆ ಬನ್ನಿನ ವಕೀಲರು, ರಿಸೀವರ್ ಆಸ್ತಿ ಹಾಳುಮಾಡಿದ್ದಾರೆ ಎಂದರು. ರಸ್ಕಿನ ವಕೀಲರು, ರಿಸೀವರ್ ತಮ್ಮ ಮನೆಯ ಹಿಟ್ಟು ಬೆರೆಸಿ ತಾವೇ ಪಾಲುದಾರರಾಗಲು ನೋಡುತ್ತಿದ್ದಾರೆ ಎಂದರು.

“ಸ್ವಾಮಿ, ಉಣ್ಣಿಸದಿದ್ರೆ ಸಾಯುತ್ತೆ, ಉಣ್ಣಿಸಿದ್ರೆ ಬೆಳೆಯುತ್ತೆ,” ಎಂದ ನಮ್ಮ ವಕೀಲ. “ಯಾವುದು ಮಾಡಿದ್ರೂ ನನ್ನ ಮೇಲೆ ಅರ್ಜಿ ಬೀಳುತ್ತೆ.”

ಜಡ್ಜರು ಷಡ್ಡಕರನ್ನು ಕರೆದರು. “ಅದು ನಿಮ್ಮದೇನಾ ನೋಡಿ. ಆಮೇಲೆ ಕತ್ತರಿಸೋಣ.”

ಬನ್ನು ಬೆರಳು ಒತ್ತಿ ನೋಡಿದ. ರಸ್ಕು ಮೂಸಿದ. ಜಗಳವಾದ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದು ನಮ್ಮದಲ್ಲ,” ಎಂದರು ಒಂದೇ ದನಿಯಲ್ಲಿ.

ವಕೀಲ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅತ್ತೆ ಎದ್ದು ನಿಂತರು. ಅಳಿಯ ಬಿಟ್ಟುಬಂದಿದ್ದ ಇನ್ನೊಂದು ಬೂಟು ಅವರ ಕೈಯಲ್ಲಿತ್ತು.

“ನಮ್ಮ ಅಳಿಯಂದ್ರನ್ನ ಏನೂ ಅನ್ನಬೇಡಿ ಸ್ವಾಮಿ. ಅದು ಮನೆಗೆ ಬಂದಾಗಲೇ ಹುಳಿ ನಾತ ಹೊಡೀತಿತ್ತು. ಅಯ್ಯೋ, ಕೆಟ್ಟುಹೋಗಿದೆ, ಅಳಿಯನ ಮಾನ ಹೋಗುತ್ತೆ ಅಂತ ತಿಪ್ಪೆಗೆ ಸುರಿದು, ಜಾಡಿ ಉಜ್ಜಿ ತೊಳೆದು, ಹಿಟ್ಟಿಗೆ ಮೊಸರು ಬೆರೆಸಿ ಹೊಸದು ಇಟ್ಟೆ. ಇದು ನಾನು ಸಾಕಿದ್ದು.”

ಜಡ್ಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬನ್ನು ಒಂದು ಚೂರನ್ನು ನಾಲಿಗೆಗೆ ಹಚ್ಚಿಕೊಂಡಿದ್ದ. “ತಮ್ಮಾ, ಇದನ್ನ ನೋಡು.”

ರಸ್ಕು ಚಪ್ಪರಿಸಿದ. “ನಮ್ಮದಕ್ಕಿಂತ ಹದವಾಗಿದೆಯಲ್ಲಣ್ಣ.”

ಹಳೆಯ ಹಿಟ್ಟೇ ಇಲ್ಲದ ಮೇಲೆ ಒಡೆಯಲು ಏನಿದೆ? ಇಬ್ಬರೂ ಅಲ್ಲೇ ರಾಜಿಯಾಗಿ, ಈ ತಾಯಿಯನ್ನು ಮೂರನೇ ಪಾಲುದಾರಳಾಗಿ ಸೇರಿಸಿಕೊಳ್ಳುತ್ತೇವೆ ಎಂದು ದಾವೆ, ಅರ್ಜಿ ಎಲ್ಲ ವಾಪಸು ಪಡೆದರು. ವಶಕ್ಕೆ ಕೊಟ್ಟದ್ದನ್ನು ತಿಪ್ಪೆ ಪಾಲು ಮಾಡಿದವರಿಗೆ ಸಂಭಾವನೆ ಇಲ್ಲ ಎಂದರು ಜಡ್ಜರು. ಹೋಗಲಿ, ಕಿತ್ತುಹಾಕಲಿಲ್ಲವಲ್ಲ ಎಂದು ವಕೀಲ ಎರಡನೇ ಬೂಟು ಹಾಕಿಕೊಂಡ.

ಸಂಜೆ ಅವನು ಕೋಟು ಒಗೆದು ಒಳಗೆ ಬಂದರೆ ಹಜಾರದಲ್ಲಿ ಮೂವರು ಪಾಲುದಾರರೂ ಮೂರು ದಿಕ್ಕಿಗೆ ಮುಖಮಾಡಿ ಕೂತಿದ್ದರು.

“ಅಳಿಯಂದ್ರೇ,” ಎಂದರು ಅತ್ತೆ, “ನಾಳೆ ಒಂದು ದಾವೆ ಹಾಕಬೇಕು. ಹಿಟ್ಟು ನಂದು, ಇವರು ನನ್ನ ಮಾತೇ ನಡೆಯಲ್ಲ ಅಂತಾರೆ. ಪಾಲುದಾರಿಕೆ ಮುಗಿಸಿಬಿಡಿ.”

ವಕೀಲನ ಮುಖ ಅರಳಿತು. “ಅದಕ್ಕೇನಂತೆ ಅತ್ತೆ, ಹಾಕೋಣ. ರಿಸೀವರ್ ಆಗಿ ಮತ್ತೆ ನಾನೇ…”

“ಅದೊಂದು ಬೇಡ,” ಎಂದರು ಮೂವರೂ ಒಟ್ಟಿಗೆ.

“ಆ ವಿಷಯದಲ್ಲಿ ನಮ್ಮೊಳಗೆ ತಕರಾರಿಲ್ಲ,” ಎಂದು ಬನ್ನು ಸೇರಿಸಿದ.

ಅತ್ತೆ ಜಾಡಿ ತಂದು ಅಳಿಯನ ಕೈಗಿಟ್ಟರು. “ಬೇರೆ ರಿಸೀವರ್ ಬರೋ ತನಕ ಇದು ನಿಮ್ಮ ಹತ್ರಾನೇ ಇರಲಿ. ಬೆಳಿಗ್ಗೆ ಉಣ್ಣಿಸೋದು ಮರೀಬೇಡಿ.”