ಇಪ್ಪತ್ತು ಸಲ ಹೂಂ

ಸಿಟ್ಟನ್ನು ಗೆದ್ದವನು ಜಗತ್ತನ್ನೇ ಗೆದ್ದಂತೆ ಎನ್ನುತ್ತಾರೆ. ಒಂದೇ ತಿಂಗಳಲ್ಲಿ ಎರಡನ್ನೂ ಗೆದ್ದು ತೋರಿಸುತ್ತೇನೆಂದು ನಾನು ಸ್ಟಾಫ್ ರೂಮಿನಲ್ಲಿ ಘೋಷಿಸಿಬಿಟ್ಟೆ! ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಬಿ.ಪಿ. ನೂರಾ ಅರವತ್ತು ಮುಟ್ಟಿತ್ತು. ಬೋರ್ಡಿನಿಂದ ಹಿಂದಿನ ಬೆಂಚಿನ ಕಡೆಗೆ ಗಕ್ಕನೆ ತಿರುಗಿ ಗದರಿ ಗದರಿ ಕುತ್ತಿಗೆಗೂ ಕುತ್ತು ಬಂದಿತ್ತು.

ಯೋಗ ಚಿಕಿತ್ಸೆ ಕೊಡುವ ದಾನೇಶ್ವರಿ ಮೇಡಂ ನನ್ನ ಹಳೆಯ ವಿದ್ಯಾರ್ಥಿನಿ. ನಾನೇ ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿ. ಈಗ ನನ್ನನ್ನು ನೆಲದ ಮೇಲೆ ಕೂರಿಸಿದರು.

"ಮಾತ್ರಿ ಬಿಡಬ್ಯಾಡ್ರಿ ಸರ್. ಅದರ ಜೋಡಿ ದಿನಾ ಮುಂಜಾನಿ ಅರ್ಧ ತಾಸು ಮೌನ. ಕಣ್ಣು ಮುಚ್ಚಿ ಕುಂತು, ಉಸಿರಿನ ಜೋಡಿ ಕುತ್ತಿಗಿ ಸಾವಕಾಶ ಮ್ಯಾಲ, ಕೆಳಗ. ಇಪ್ಪತ್ತು ಸಲ. ಇದಕ್ಕ ಗ್ರೀವಾ ಚಾಲನ ಅಂತಾರ. ಅಡ್ಡ ಮಾತ್ರ ಅಲ್ಲಾಡಿಸಬ್ಯಾಡ್ರಿ, ನರ ಹಿಡೀತೈತಿ."

"ಇಷ್ಟ ಏನು?"

"ಮೌನ ಅಂದ್ರ ಸಣ್ಣ ಮಾತಲ್ರಿ ಸರ್. ಮಾಡಿ ನೋಡ್ರಿ."

ಮರುದಿನವೇ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆ. ಬಾದಾಮಿ ಗುಹೆಯಲ್ಲಿ ಕುಳಿತ ಜಿನಮೂರ್ತಿಗೂ ನನಗೂ ಹೊಟ್ಟೆಯೊಂದರದೇ ವ್ಯತ್ಯಾಸ. ಒಂಬತ್ತನೆಯ ಎಣಿಕೆಯಲ್ಲಿದ್ದಾಗ ಹೆಂಡತಿ ಬಸವೇಶ್ವರಿ ಬಂದು ಪಕ್ಕದಲ್ಲಿ ಕುಳಿತು ಏನೋ ಹೇಳತೊಡಗಿದಳು. ನಾನು ಅತ್ತ ಗಮನ ಕೊಡಲಿಲ್ಲ. ಗಣಿತದ ಮಾಸ್ತರನಿಗೆ ಇಪ್ಪತ್ತು ಎಣಿಸಲು ಬರಲಿಲ್ಲವೆಂದರೆ ಮರ್ಯಾದೆ ಏನು ಉಳಿದೀತು? "ನಿದ್ದಿ" ಎಂಬುದೊಂದು ಮಾತು ಕಿವಿಗೆ ಬಿತ್ತು. ಹತ್ತು. "ನಾಗಲಿಂಗ" ಎಂದಳು. ಗುಳೇದಗುಡ್ಡದಲ್ಲಿರುವ ಅವಳ ತಮ್ಮ. ಹನ್ನೊಂದು. "ಹಂಗಾರ ಹೂಂ ಅಂತೀರಿ?" ಎಂದಳು. ಹನ್ನೆರಡು. ತಲೆ ಮೇಲೆ, ಕೆಳಗೆ.

ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಚಹಾದ ಜೊತೆ ಅಮೀನಗಡದ ಕರದಂಟು ಬಂತು. ಯೋಗದ ಮಹಿಮೆ ಎಂದುಕೊಂಡು ಎರಡು ತುಂಡು ತಿಂದೆ. ಮನೆಯಲ್ಲಿ ಶಾಂತಿ ನೆಲೆಸಿದೆಯೆಂದು ಸಾಲೆಯಲ್ಲಿ ಎಲ್ಲರಿಗೂ ಹೇಳಿದೆ.

ನಾಲ್ಕನೆಯ ದಿನ ಸಂಜೆ ಬಂದು ನೋಡಿದರೆ ಪಡಸಾಲೆಯಲ್ಲಿ ಶಾಂತಿ ಹಾಗಿರಲಿ, ನೆಲವೇ ಇರಲಿಲ್ಲ! ನಾಲ್ಕು ಫರಸಿಕಲ್ಲು ಕಿತ್ತು ಗೋಡೆಗೆ ಆನಿಸಿದ್ದರು. ನನ್ನ ಚಾಪೆಯಿದ್ದ ಜಾಗದಲ್ಲಿ ದೊಡ್ಡದೊಂದು ಕುಣಿ. ಕುಣಿಯೊಳಗೆ ಸಲಿಕೆ ಹಿಡಿದ ನಾಗಲಿಂಗ. ಬಾಗಿಲ ಮುಂದೆ ಟಂಟಂ ಗಾಡಿಯಲ್ಲಿ, ಬಿಚ್ಚಿ ತಂದ ಕೈಮಗ್ಗ.

"ಬರ್ರಿ ಮಾಮಾ," ಎಂದ ಅಲ್ಲಿಂದಲೇ. "ಅಕ್ಕ ಕಾಲು ಇಳಿಬಿಟ್ಟು ಕುಂತು ನೇಯಾಕ ಇಷ್ಟು ಆಳ ಸಾಕಲ್ರಿ?"

"ಯಾರನ್ನ ಕೇಳಿ ಅಗದಿ ಲೇ?"

"ನಿಮ್ಮನ್ನ," ಎಂದಳು ಬಸವೇಶ್ವರಿ, ಅಡುಗೆಮನೆಯ ಬಾಗಿಲಿನಿಂದ. "ಮೂರು ದಿನ ಕೇಳೇನಿ. ಮೂರೂ ದಿನ ಹೂಂ ಅಂದೀರಿ."

"ಅದು ಹೂಂ ಅಲ್ಲ, ಗ್ರೀವಾ ಚಾಲನ!"

ಅಲ್ಲವೆಂಬುದನ್ನು ತೋರಿಸಲು ತಲೆಯನ್ನು ಜೋರಾಗಿ ಅಡ್ಡ ಆಡಿಸಿದೆ. ಕಟ್ ಎಂದಿತು. ಅವಳ ಕಡೆ ತಿರುಗಿದ ಮುಖ ಅವಳ ಕಡೆಗೇ ನಿಂತುಬಿಟ್ಟಿತು.

ಅವಳು ಎಣ್ಣೆ ಬೆಚ್ಚಗೆ ಮಾಡಿ ತಂದು ಕುತ್ತಿಗೆಗೆ ಹಚ್ಚತೊಡಗಿದಳು. "ನಾ ಏನ್ ಹೇಳಿದ್ನಿ ಅಂತ ಗೊತ್ತೈತೇನ್ರಿ?"

"ಎಣಸಾಕ ಹತ್ತಿದ್ನಿ."

ಅವಳು ಇನ್ನಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡಳು. "ಎರಡು ವರ್ಷ ಆತು, ನನಗ ನಿದ್ದಿ ಹತ್ತವಲ್ದು. ಸುಮ್ನ ಕುಂತ್ರ ಎದಿ ಡವಡವ ಅಂತೈತಿ. ತವರಮನ್ಯಾಗ ಕುಬಸದ ಖಣ ನೇಯೂವಾಗ ಹಿಂಗ ಇರಲಿಲ್ಲ. ಕೈಕಾಲು ಆಡಿದ್ರ ಮನಸು ನೂಲಿನ ಮ್ಯಾಲ ನಿಲ್ತಿತ್ತು. ಇಪ್ಪತ್ತೆರಡು ವರ್ಷದಾಗ ಮಗ್ಗ ಅಂತ ಬಾಯಿ ತೆಗದಾಗೆಲ್ಲ ಬ್ಯಾಡ ಅಂದ್ರಿ. ಮಾತು ಪೂರಾ ಮುಗಸಾಕ ಬಿಟ್ಟಿದ್ದು ಈ ವಾರನ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಎಚ್ಚರವಿದ್ದ ಎರಡು ವರ್ಷ ನಾನು ಪಕ್ಕದಲ್ಲೇ ಗೊರಕೆ ಹೊಡೆದಿದ್ದೆ. ಕುಣಿಯ ಕಡೆ ತಿರುಗಲು ಬಾರದೆ, ಅವಳ ಮುಖ ನೋಡುತ್ತಲೇ ಹೇಳಿದೆ: "ನಾಗಲಿಂಗ, ಅರ್ಧಕ್ಕ ಬಿಡಬ್ಯಾಡ. ಇವತ್ತ ಮಗ್ಗ ಹೂಡು."

ಮರುದಿನ ಬಿಗಿದ ಕುತ್ತಿಗೆಯ ಜೊತೆ ಬಸವೇಶ್ವರಿಯನ್ನೂ ದಾನೇಶ್ವರಿ ಮೇಡಂ ಹತ್ತಿರ ಕರೆದೊಯ್ದೆ. ಅವಳಿಗೂ ಒಂದಿಷ್ಟು ಉಸಿರಾಟದ ಅಭ್ಯಾಸ ಹೇಳಿಕೊಟ್ಟರು, ಮಗ್ಗ ಬೇಡವೆನ್ನಲಿಲ್ಲ. ನನ್ನ ಚಾಪೆ ಮಗ್ಗದ ಪಕ್ಕಕ್ಕೆ ಸರಿಯಿತು. ದಿನವೂ ನಾನು ಮೌನವಾಗಿ ಕೂರುವುದು, ಅವಳು ನೇಯುತ್ತಾ ಮಾತಾಡುವುದು. ಎಣಿಕೆ ಆಗಾಗ ತಪ್ಪುತ್ತಿತ್ತು.

ತಿಂಗಳು ತುಂಬಿದ ಮೇಲೆ ಮತ್ತೆ ಹೋದೆವು. ನನ್ನ ಬಿ.ಪಿ. ನೂರಾ ನಲವತ್ತಕ್ಕೆ ಇಳಿದಿತ್ತು. ಬಸವೇಶ್ವರಿಗೆ ಆರು ತಾಸು ನಿದ್ದೆ ಬರುತ್ತಿತ್ತು.

"ಭಾಳ ಚಲೋ ಆತು," ಎಂದರು ಮೇಡಂ, ಚೀಟಿ ಬರೆಯುತ್ತ. "ಸರ್, ಮೌನ ಅರ್ಧ ತಾಸು ಸಾಕಾಗ್ತೈತಲ್ರಿ?"

ಸಾಕೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸವೇಶ್ವರಿ ಮುಂದೆ ಬಾಗಿದಳು.

"ಒಂದು ತಾಸು ಅಂತ ಬರೀರಿ ಮೇಡಂ. ನಂದು ಇನ್ನಾ ಮದುವಿ ಆದ ವರ್ಷದ್ದ ಹೇಳಿ ಮುಗದಿಲ್ಲ."