ತವರಿನ ತೊಟ್ಟಿಲು ಟ್ಯಾಕ್ಸಿ ಹತ್ತಿದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನಮ್ಮ ಕನ್ನೊಳ್ಳಿಯ ಹಿರಿಯರಿಂದ ಹಿಡಿದು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನವರೆಗೆ ಸಿಕ್ಕವರಿಗೆಲ್ಲ ಹೇಳಿಯಾಯಿತು, ನೀವೊಬ್ಬರು ಉಳಿದಿದ್ದಿರಿ. ಮೂರನೇ ಇಯತ್ತೆಗೇ ಸಾಲೆ ಬಿಟ್ಟವನು ನಾನು. ಸಂತೋಷ ಉಕ್ಕಿದಾಗ ನನ್ನ ಅಕ್ಷರಗಳು ಸಾಲಾಗಿ ನಿಲ್ಲುವುದಿಲ್ಲ, ಸುಧಾರಿಸಿಕೊಂಡು ಓದಿರಿ.

ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕಿತ್ತು. ಆದರೆ ಮುಂಬಯಿಗೆ ಕೊಟ್ಟ ಮಗಳು ರೈಲು ಹತ್ತಬಾರದೆಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ನನ್ನಾಕೆಯೇ ಮೊದಲು ಅಲ್ಲಿಗೆ ಹೋದಳು. ಹೆಸರಿಡುವ ದಿನ ಹೊತ್ತು ಮುಳುಗುವುದರೊಳಗೆ ತವರಿನ ತೊಟ್ಟಿಲು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ಟೇಷನ್ನಿಗೆ ಬರುತ್ತೇನೆಂದು ಅಳಿಯ ಬರೆದಿದ್ದ. ಬೇಡವೇ ಬೇಡ, ಮುಂಬಯಿ ಎಂದರೆ ನಮ್ಮ ತಾಲೂಕಿನ ಪೇಟೆ ಸಿಂದಗಿಯೇ ದೊಡ್ಡದಾದದ್ದು, ಅಷ್ಟೇ ಎಂದು ನಾನು ಜಂಬದಿಂದ ಉತ್ತರ ಹಾಕಿದ್ದೆ.

ರೈಲು ಇಳಿದಾಗ ಮಧ್ಯಾಹ್ನ ಕಳೆದಿತ್ತು. ಲೋಕಲ್ ಗಾಡಿಯಲ್ಲಿ ನನಗೆ ಜಾಗ ಸಿಕ್ಕಿತು, ತೊಟ್ಟಿಲಿಗೆ ಸಿಗಲಿಲ್ಲ. ಬಸ್ಸಿನ ಕಂಡಕ್ಟರ್ ಅದನ್ನು ನೋಡಿದವನೇ ಗಂಟೆ ಬಾರಿಸಿಬಿಟ್ಟ. ಕಡೆಗೆ ಅಕ್ಕಲಕೋಟದ ಕಡೆಯ ಟ್ಯಾಕ್ಸಿಯವನೊಬ್ಬ ಸಿಕ್ಕ. ನಮ್ಮ ಮಾತೇ ಆಡುತ್ತಿದ್ದ. ತೊಟ್ಟಿಲನ್ನು ಮೇಲೆ ಕಟ್ಟಿ ಹೊರಟೆವು. ಅಷ್ಟು ಜಾಗದಲ್ಲಿ ಒಬ್ಬನೇ ಕೂತಿದ್ದೆ. ಹೊರಗೆ ಬಸ್ಸಿಗಾಗಿ ಮಂದಿ ಬಿಸಿಲಿನಲ್ಲಿ ನಿಂತಿದ್ದರು. ನಮ್ಮ ಕಡೆ ಚಕ್ಕಡಿ ಖಾಲಿ ಹೊಡೆದುಕೊಂಡು ಹೋದರೆ ಅಡ್ಡ ಬಂದು ಯಾಕೆ ಖಾಲಿ ಹೊರಟೆ ಎಂದು ಕೇಳುತ್ತಾರೆ. ನನಗೆ ತಡೆಯಲಾಗಲಿಲ್ಲ. ಬಂದಷ್ಟು ಮರಾಠಿಯಲ್ಲಿ ಕರೆದು ಒಬ್ಬ ಮುದುಕಿಯನ್ನು ಹತ್ತಿಸಿಕೊಂಡೆ. ಮುಂದೆ ಒಬ್ಬ ಮಾಸ್ತರರು, ಆಮೇಲೆ ಗಂಡ ಹೆಂಡತಿ. ಒಬ್ಬೊಬ್ಬರ ಮನೆ ಒಂದೊಂದು ದಿಕ್ಕಿಗೆ!

ನಾನು ಕಿಟಕಿಯಿಂದ ಕತ್ತು ಹಾಕಿ ಸೂರ್ಯನನ್ನು ನೋಡುವುದು, ಕೂಡುವುದು, ಮತ್ತೆ ನೋಡುವುದು. "ಲಗೂ ಹೊಡಿಯೋ ತಮ್ಮಾ, ಹೊತ್ತು ಮುಣಗಾಕತ್ತೈತಿ!"

"ಯಜಮಾನ್ರ, ಲಗೂ ಲಗೂ ಅಂತೀರಿ, ಮಂದಿ ಕಂಡ್ರ ನಿಂದರ್ಸಂತೀರಿ. ಮೊದಲ ಎರಡರಾಗ ಒಂದು ಖರೇ ಮಾಡ್ರಿ."

ಮುಟ್ಟಿದಾಗ ದೀಪ ಹಚ್ಚಿದ್ದರು. ಕಾದು ಕಾದು, ಸೀರೆಯ ಜೋಳಿಗೆ ಕಟ್ಟಿ ಅದರಲ್ಲೇ ಕೂಸನ್ನು ಹಾಕಿ ಹೆಸರಿಟ್ಟಾಗಿತ್ತು. "ಅಪ್ಪಾ, ಎಲ್ಲಿ ಹೋಗಿದ್ದಿ?" ಎಂದು ಮಗಳು ಕಣ್ಣು ತುಂಬಿಕೊಂಡಳು. ನಾನು ತೊಟ್ಟಿಲು ಕಟ್ಟಿದೆ. ಕೂಸು ಅದರಲ್ಲಿ ಮಲಗಿ ಒಮ್ಮೆ ಆಕಳಿಸಿದ ಮೇಲೇ ನನಗೆ ಉಸಿರು ಬಂದದ್ದು.

ರಾತ್ರಿ ಬೀಗರು, ಅಳಿಯ, ಮಗಳು ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಹೋಳಿಗೆ ಮುರಿಯುತ್ತ ನಾನು ಮುದುಕಿಗೆ ಎಷ್ಟು ಮಕ್ಕಳು, ಮಾಸ್ತರರ ಮಗನ ಹೆಸರೇನು, ಎಲ್ಲ ವರದಿ ಒಪ್ಪಿಸಿದೆ. ನನ್ನಾಕೆ ತುಪ್ಪ ಬಡಿಸುತ್ತಿದ್ದವಳು ನಿಂತಳು.

"ಹಾದ್ಯಾಗ ಸಿಕ್ಕವರ ಮಕ್ಕಳ ಹೆಸರೆಲ್ಲಾ ಹೇಳಿದ್ರಿ. ಈಗ ನಿಮ್ಮ ಮೊಮ್ಮಗಳ ಹೆಸರು ಹೇಳ್ರಿ, ಕೇಳೂಣು."

ಹೋಳಿಗೆ ಬಾಯಿಯ ಹತ್ತಿರವೇ ನಿಂತಿತು. ನಾನು ಕೇಳಿಯೇ ಇರಲಿಲ್ಲ.