ರಂಗೋಲಿ ಪುಡಿಯಲ್ಲಿ ದಿಲ್ಲಿ ಸ್ಟೇಷನ್

'ಗೊತ್ತಿಲ್ಲ' ಎಂದು ಹೇಳುವುದನ್ನು ನನಗೆ ಯಾರೂ ಕಲಿಸಲಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದರು, ಚಮಚ ಹಿಡಿಯುವುದನ್ನು ಕಲಿಸಿದರು, ಸದ್ದಾಗದಂತೆ ಸೀನುವುದನ್ನೂ ಕಲಿಸಿದರು. 'ಐ ಡೋಂಟ್ ನೋ ಸಿಸ್ಟರ್' ಎಂದವಳನ್ನು ಮಾತ್ರ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಪ್ಪತ್ತು ದಾಟಿದರೂ ಆ ಬೆಂಚಿನ ಹೆದರಿಕೆ ನನ್ನ ಮಂಡಿಯಲ್ಲಿ ಉಳಿದಿದೆ. ಕೊಟ್ಟೂರಿನಲ್ಲಿ ಹೆಣ್ಣುಮಕ್ಕಳಿಗೆ ಮೂವತ್ತು ವರ್ಷ ಇಂಗ್ಲಿಷೂ ಜಾಗ್ರಫಿಯೂ ಹೇಳಿಕೊಟ್ಟು, ಅವರ ಮ್ಯಾಪುಗಳ ಮೇಲೆ ಬಾಟಲಿಗಟ್ಟಲೆ ಕೆಂಪು ಶಾಯಿ ಸುರಿದು ರಿಟೈರ್ ಆದ ಮೇಲಂತೂ ಅದು ರೋಗವೇ ಆಯಿತು. ಓಣಿಯಲ್ಲಿ ಯಾರು ಏನು ಕೇಳಲಿ, ಥೈರಾಯ್ಡ್ ಇರಲಿ, ಗ್ಯಾಸಿನ ಫಾರಂ ಇರಲಿ, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ಉತ್ತರ ಕೊಟ್ಟುಬಿಡುತ್ತದೆ.

ದಿಲ್ಲಿಯಲ್ಲಿ ಮೆಟ್ರೋ ಇನ್ನೂ ಹೊಸದಾಗಿದ್ದ ಕಾಲ. ರಿಟೈರ್ ಆದ ಟೀಚರುಗಳ ಗುಂಪಿನೊಂದಿಗೆ ಹೋಗಿ ಅದನ್ನು ನೋಡಿ ಬಂದೆ. ನಮ್ಮೂರಿನ ಸ್ಟೇಷನ್ನಿಗೆ ಪ್ರಯಾಣಿಕರ ಗಾಡಿ ಬರುವುದು ನಿಂತು ಆಗಲೇ ವರ್ಷಗಳಾಗಿದ್ದವು. ಟಿಕೆಟ್ ಕಿಟಕಿಯ ನೆರಳಿನಲ್ಲಿ ಆಡುಗಳು ಮೆಲುಕು ಹಾಕುತ್ತಿದ್ದವು. ನೆಲದ ಮೇಲೆಯೇ ರೈಲಿಲ್ಲದ ಊರಿನವಳು ನೆಲದ ಕೆಳಗೆ ರೈಲು ಕಂಡು ಬಂದರೆ ಸುಮ್ಮನಿರಲಾದೀತೇ? ದಿಲ್ಲಿಯ ನಡುಮಧ್ಯದ ಆ ದುಂಡನೆಯ ಮಾರುಕಟ್ಟೆ ಒಂದು ಕಾಲಕ್ಕೆ ನರಿಗಳು ಓಡಾಡುತ್ತಿದ್ದ ಮುಳ್ಳುಕಂಟಿಯ ಕಾಡಾಗಿತ್ತು ಎಂಬಲ್ಲಿಂದ ನನ್ನ ಪುರಾಣ ಶುರುವಾಗುತ್ತಿತ್ತು. ಬ್ರಿಟಿಷರು ಬಂದು ಬಿಳಿ ಕಂಬಗಳ ಅಂಗಡಿಸಾಲು ಕಟ್ಟಿದ್ದು, ನಡುವೆ ಪಾರ್ಕ್ ಆದದ್ದು, ಮೊನ್ನೆ ಮೊನ್ನೆ ಆ ಪಾರ್ಕನ್ನೇ ಅಗೆದು, ಒಳಗೊಂದು ಸ್ಟೇಷನ್ ಇಳಿಸಿ, ಮೇಲೆ ಮತ್ತೆ ಹುಲ್ಲು ಹಾಸಿದ್ದು. ಎಲ್ಲಕ್ಕೂ ಮೇಲೆ ದುಂಡನೆಯ ಹಾಲು, ಅದರ ಕೆಳಗೆ ಒಂದು ದಿಕ್ಕಿನ ಗಾಡಿ, ಅದರ ಕೆಳಗೆ ಇನ್ನೊಂದು ದಿಕ್ಕಿನ ಗಾಡಿ. 'ಬುತ್ತಿ ಕ್ಯಾರಿಯರ್ ಇದ್ದಂಗ' ಎಂದು ಮುಗಿಸುತ್ತಿದ್ದೆ. ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ಗೌರವ್ವ ಈ ಪುರಾಣದ ಖಾಯಂ ಶ್ರೋತೃ. ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟುಕೊಂಡು ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳು ಶಾಂತಾ ಮಿಲಿಟರಿಯಲ್ಲಿರುವ ಗಂಡನ ಜೊತೆ ದಿಲ್ಲಿಯಲ್ಲಿದ್ದಳು, ಆಗ ಚೊಚ್ಚಲ ಬಸುರಿ. ತವರಿಗೆ ಬರಬೇಕಾದವಳಿಗೆ ಡಾಕ್ಟರು ಪ್ರಯಾಣವೇ ಬೇಡ ಎಂದುಬಿಟ್ಟರು. ಹಾಗಾಗಿ ತವರೇ ದಿಲ್ಲಿಗೆ ಹೊರಡಬೇಕಾಯಿತು. ಹರಪನಹಳ್ಳಿಯ ಕುಟುಂಬವೊಂದು ದಿಲ್ಲಿಯ ರೈಲಿಗೆ ಹೊರಟಿತ್ತು, ಅವರ ಜೊತೆ ಗೌರವ್ವನ ಟಿಕೆಟ್ಟೂ ಆಗಿತ್ತು. ಸ್ಟೇಷನ್ನಿಗೆ ಅಳಿಯ ಬರುತ್ತೇನೆಂದಿದ್ದ. ಅಲ್ಲಿಂದ ಅವರ ಮನೆ ದೂರ, ಮೆಟ್ರೋದಲ್ಲಿ ಹೋಗಬೇಕು, ಆ ದುಂಡನೆಯ ಸ್ಟೇಷನ್ನಿನಲ್ಲೇ ಗಾಡಿ ಬದಲಿಸಬೇಕು. ಕೂಡ್ಲಿಗಿ ಮುಟ್ಟುವುದರೊಳಗೆ ಬಸ್ಸಿನಲ್ಲಿ ಎರಡು ನಿಂಬೆಹಣ್ಣು ಮೂಸಿ ಮುಗಿಸುವ ಗೌರವ್ವನಿಗೆ ಅಷ್ಟು ದೂರ ಆಟೋ ಸಾಧ್ಯವೇ ಇರಲಿಲ್ಲ.

"ಟೀಚರಮ್ಮ, ನೆಲದಾಗ ಇಳಿಯೋದು ಅಂದ್ರ ಹೆಂಗ್ರಿ?" ಎಂದು ಕೇಳಿದಳು. 'ಎಸ್ಕಲೇಟರ್', 'ವೆಂಟಿಲೇಷನ್' ಎಂದೆಲ್ಲ ಹೇಳಿ ನೋಡಿದೆ. ಅವಳ ಮುಖದಲ್ಲಿ ಏನೂ ಬೆಳಗಲಿಲ್ಲ. ಒಳ್ಳೆಯ ಟೀಚರ್ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಕರೆದೊಯ್ಯಬೇಕು ಎಂಬ ಟ್ರೈನಿಂಗ್ ಕಾಲೇಜಿನ ಪಾಠ ನೆನಪಾಗಿ, "ಹಗೇವು ಇದ್ದಂಗ ಅನ್ಕೋ, ದೊಡ್ಡ ಹಗೇವು" ಎಂದೆ.

ಗೌರವ್ವನ ಮುಖ ಬಿಳುಚಿತು. ಜೋಳ ತುಂಬಿಡಲು ಅಂಗಳದಲ್ಲೇ ತೋಡುತ್ತಿದ್ದ ಆಳದ ಗುಂಡಿ, ಮೇಲೊಂದು ಕಲ್ಲು ಮುಚ್ಚಿದರೆ ಹೊರಗಿನವರಿಗೆ ಗುರುತೇ ಸಿಗದ ಹಗೇವು, ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ತೆರೆದ ಕೂಡಲೇ ಅದಕ್ಕೆ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಆರದೆ ಮೇಲೆ ಬಂದರೆ ಮನುಷ್ಯರು ಇಳಿಯಬಹುದು. ನನಗೆ ಗೊತ್ತಿಲ್ಲದಿದ್ದದ್ದು ಇಷ್ಟೇ: ಚಿಕ್ಕಂದಿನಲ್ಲಿ ತಂಬ್ರಹಳ್ಳಿಯ ತವರಿನಲ್ಲಿ, ಕಂದೀಲು ಇಳಿಸುವಷ್ಟು ತಾಳ್ಮೆಯಿಲ್ಲದ ಅವಳ ಕಾಕಾ ಸಣ್ಣ ಮೈಯವಳೆಂದು ಇವಳನ್ನೇ ಇಳಿಸಿದ್ದ. ಎಚ್ಚರ ತಪ್ಪಿದವಳನ್ನು ಎಳೆದು ಮೇಲೆ ಹಾಕಿ, ಮುಖಕ್ಕೆ ನೀರು ಹೊಡೆದಿದ್ದರು.

"ನಾ ಒಲ್ಲೆ ನಮ್ಮವ್ವ," ಎಂದಳು ಗೌರವ್ವ. "ನಮ್ಮ ಮಂದಿ ಮಣ್ಣಾಗ ಇಳಿಯೋದು ಒಂದ ಸಲ. ಅದೂ ಸತ್ತ ಮ್ಯಾಲೆ, ಕುಂದ್ರಿಸಿ ಇಳಸ್ತಾರ. ಜೀವ ಇರೋವಾಗ ಯಾಕ್ರಿ? ಶಾಂತಾಗ ಫೋನ್ ಮಾಡಿ ಹೇಳ್ತೀನಿ, ಅತ್ತಿ ಬರಲಿ ಬಾಣಂತನಕ್ಕ."

ಆ ಅತ್ತೆಗೆ ಮಂಡಿನೋವು, ಮೆಟ್ಟಿಲು ಕಂಡರೆ ಅಳುತ್ತಿದ್ದಳು. ಫೋನಿನಲ್ಲಿ ಶಾಂತಾ 'ಹೂಂ ಬೇ' ಎಂದು ಇಟ್ಟಳಂತೆ. ಆ 'ಹೂಂ' ನನಗೆ ಎರಡು ದಿನ ಊಟ ಸೇರಗೊಡಲಿಲ್ಲ. ಒಂದು ಉಪಮೆಯಿಂದ ಒಬ್ಬಳ ಬಾಣಂತನ ಕೆಡಿಸಿದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಮೂರನೆಯ ದಿನ ಬೆಳಿಗ್ಗೆ ಸಗಣಿ ಸಾರಿಸಿದ ನನ್ನ ಅಂಗಳದಲ್ಲಿ ರಂಗೋಲಿ ಡಬ್ಬಿ ಹಿಡಿದು ಕುಳಿತೆ. ದುಂಡನೆಯ ಹಾಲು ಬರೆದೆ, ಕಂಬಗಳಿಗೆ ಚುಕ್ಕಿ ಇಟ್ಟೆ, ಮೆಟ್ಟಿಲಿಗೆ ಗೆರೆ ಎಳೆದೆ, ಪಕ್ಕದಲ್ಲಿ ಎರಡು ಗಾಡಿಗಳನ್ನು ಒಂದರ ಕೆಳಗೊಂದು ಹಾಕಿದೆ. ಗೌರವ್ವ ಕಸಬರಿಗೆ ಹಿಡಿದುಕೊಂಡೇ ಬಂದು ನಿಂತಳು.

"ಬಾಯಿ ಎಷ್ಟು ಅದಾವ್ರಿ ಇದಕ್ಕ?"

"ಎಂಟು ಹಾಕೀನಿ ನೋಡು. ಹಗೇವಿಗೆ ಒಂದ ಬಾಯಿ, ಇದಕ್ಕ ಸುತ್ತ ಬಾಯಿ!"

ಸೆರಗು ಸಿಕ್ಕಿಸಿ, ರಂಗೋಲಿ ತುಳಿಯದಂತೆ ಗೆರೆಗಳ ನಡುವೆ ಮೆಲ್ಲಗೆ ನಡೆದಳು. ಓಣಿಯ ಹೆಂಗಸರು ಕೊಡ ಇಳಿಸಿ ನೋಡತೊಡಗಿದರು. ಸುತ್ತು ಬಂದವಳು ನಟ್ಟನಡುವೆ ನಿಂತು ಕೇಳಿದಳು, "ನೀವು ಯಾವ ಬಾಯಿಂದ ಹೊರಗ ಬಂದ್ರಿ?"

ಬೆಂಚಿನ ಮೇಲೆ ನಿಂತಂತಾಯಿತು. ಯಾವುದೋ ಒಂದು ನಂಬರ್ ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಆ 'ಹೂಂ' ನೆನಪಾಯಿತು. ಬಾಯಿಬಿಟ್ಟೆ.

"ಗೊತ್ತಿಲ್ಲ ಗೌರವ್ವ. ನಾನಲ್ಲಿ ದಾರಿ ತಪ್ಪಿದ್ದೆ. ದುಂಡನೆ ಹಾಲಿನಾಗ ಅದ ಕಂಬದ ಮುಂದ ಮೂರು ಸಲ ಬಂದೆ. ಜೊತಿಯವರು ಮ್ಯಾಲೆ ಐಸ್‌ಕ್ರೀಮ್ ತಿಂತಿದ್ರು, ನಾ ಕೆಳಗ ಸುತ್ತತಿದ್ದೆ. ಕಡೀಗೆ ಕಸ ಹೊಡೆಯೋ ಒಬ್ಬ ಹೆಣ್ಣುಮಗಳು ಕೈ ಹಿಡದು ಹೊರಗ ಬಿಟ್ಲು. ಆರ್ಕಿಟೆಕ್ಚರ್ ನೋಡ್ತಿದ್ದೆ ಅಂತ ಎಲ್ಲರಿಗೂ ಸುಳ್ಳು ಹೇಳೀನಿ."

ಹೆಂಗಸರು ನಗಲು ತಯಾರಾದರು. ಗೌರವ್ವ ನಗಲಿಲ್ಲ.

"ಎಷ್ಟೊತ್ತು ಇದ್ರಿ ಒಳಗ?"

"ಒಂದು ತಾಸಿನ ಮ್ಯಾಲೆ ಆತು."

"ಒಂದು ತಾಸು! ಉಸಿರು ಕಟ್ಟಲಿಲ್ಲ? ಕಣ್ಣು ಕತ್ತಲಿ ಬರಲಿಲ್ಲ?"

"ಇಲ್ಲವ್ವ. ಕಾಲು ನೋವಾತು ಅಷ್ಟ. ಚಳಿನೂ ಆತು."

"ಅಯ್ಯ, ಇದನ್ನ ಮೊದಲ ಹೇಳಬಾರದೇನ್ರಿ!" ಗೌರವ್ವ ಕಸಬರಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಕೈ ತಟ್ಟಿದಳು. "ಕಂದೀಲು ಇಳಿಬಿಟ್ಟು ನೋಡಿದಂಗ ಆತಲ್ಲ! ನಿಮ್ಮಂಥ ಹಳೇ ಜೀವ ಒಂದು ತಾಸು ಇದ್ದು ಆರದಂಗ ಮ್ಯಾಲೆ ಬಂದೈತಿ ಅಂದ್ರ, ಗಾಳಿ ಚೊಲೋ ಐತಿ ಬಿಡ್ರಿ. ನಾ ಹೊಂಟೆ."

ಹೊರಟೇಬಿಟ್ಟಳು. ಮೂರು ವಾರದ ಮೇಲೆ ಫೋನ್ ಬಂತು. ಹೆಣ್ಣು ಕೂಸು, ಶಾಂತಾ ಆರಾಮ. ಮೆಟ್ರೋದಲ್ಲಿ ಯಾರೋ ಹುಡುಗಿ ಎದ್ದು ಸೀಟು ಕೊಟ್ಟಳಂತೆ, ಅಳಿಯ ಎಷ್ಟು ಹೇಳಿದರೂ ಗೌರವ್ವ ಕೂರಲಿಲ್ಲವಂತೆ. "ನೆಲದಾಗ ಕುಂತು ಹೋಗೋ ಟೈಮ್ ಇನ್ನೂ ಬಂದಿಲ್ಲ ಅಂದೆ ನೋಡ್ರಿ," ಎಂದು ದಿಲ್ಲಿಯಿಂದ ನಕ್ಕಳು.

ಬಾಣಂತನ ಮುಗಿಸಿ ಬಂದ ಮರುದಿನ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಸ್ಟೇಷನ್ನನ್ನು ಪುನಃ ಬರೆಸಿದಳು. ಮೇಲಿನ ಗಾಡಿಯನ್ನು ಕೆಳಗೂ ಕೆಳಗಿನದನ್ನು ಮೇಲೂ ಹಾಕಿದ್ದೇನಂತೆ, ಬಾಯಿಗಳೂ ಕಡಿಮೆಯಂತೆ. ತಪ್ಪಿದ ಕಡೆಯಲ್ಲೆಲ್ಲ ಕೆಮ್ಮಣ್ಣು ಎಳೆದಳು. ಮೂವತ್ತು ವರ್ಷ ನಾನು ಚೆಲ್ಲಿದ ಕೆಂಪು ಶಾಯಿ ಒಂದೇ ಬೆಳಿಗ್ಗೆ ವಾಪಸು ಬಂತು.

ರಿಟೈರ್ ಆದ ದಿನ ಶಾಲು ಹೊದಿಸಿ, ನನ್ನನ್ನು ಜ್ಞಾನದ ದೀಪ ಎಂದು ಹೊಗಳಿದ್ದರು. ಆ ಮಾನಪತ್ರ ಫ್ರೇಮಿನಲ್ಲಿದೆ, ಬಂದವರಿಗೆ ತೋರಿಸುತ್ತೇನೆ. ಆದರೆ ಓಣಿಯಲ್ಲಿ ನನಗೆ ಸಿಕ್ಕ ಕೆಲಸವೇ ಬೇರೆ. ಯಾರಾದರೂ ಹೊಸ ಊರಿಗೆ, ಹೊಸ ಆಸ್ಪತ್ರೆಗೆ, ಕಡೆಗೆ ಹಡಗಲಿಯಲ್ಲಿ ಹೊಸದಾಗಿ ತೆರೆದ ಖಾನಾವಳಿಗೆ ಹೊರಟರೂ ಗೌರವ್ವ ಮಿರ್ಚಿ ಕರಿಯುತ್ತಲೇ ಕೂಗುತ್ತಾಳೆ:

"ಅವಸರ ಮಾಡಬ್ಯಾಡ್ರೆ! ಮೊದಲು ಟೀಚರಮ್ಮನ್ನ ಇಳಿಬಿಟ್ಟು ನೋಡೋಣು."